ಮೂರು ಸಾಕ್ಷಿಯ ಗಂಡ

ನಮ್ಮವರಿಗೆ ಹೆಂಡತಿಯ ಮಾತಿನಲ್ಲಿ ನಂಬಿಕೆಯಿಲ್ಲ ಎಂದರೆ ನೀವು ಬೇರೆ ಏನೋ ತಿಳಿದುಕೊಂಡೀರಿ. ಹಾಗಲ್ಲ, ಅವರಿಗೆ ಯಾರ ಮಾತಿನಲ್ಲೂ ನಂಬಿಕೆಯಿಲ್ಲ! ಮೂರು ಜನ ಒಂದೇ ಹೊತ್ತಿಗೆ ಒಂದೇ ಮಾತು ಹೇಳಿದರೆ ಮಾತ್ರ ಅದು ಅವರ ಕಿವಿಯಿಂದ ತಲೆಗೆ ಹತ್ತುತ್ತದೆ. ಇಂಥವರಿಗೆ, ನನಗೊಬ್ಬಳಿಗೇ ಗೊತ್ತಿದ್ದ ಒಂದು ಸಂಗತಿಯನ್ನು ನಂಬಿಸುವ ಕೆಲಸ ಕಳೆದ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂತು. ಸಂಗತಿ ಇಷ್ಟೇ, ನನಗೆ ಸುಸ್ತಾಗುತ್ತಿತ್ತು. ಉಡುಪಿಯ ನನ್ನ ಶಾಲೆಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು, ಮಕ್ಕಳು ನೋಡದ ಹಾಗೆ ಗೋಡೆ ಹಿಡಿದುಕೊಳ್ಳುವಷ್ಟು ಸುಸ್ತು.

ಅವರ ಉದ್ಯೋಗವನ್ನು ಹೇಳದೆ ಅವರ ಸ್ವಭಾವ ಅರ್ಥವಾಗುವುದಿಲ್ಲ. ಮಣಿಪಾಲದ ಒಂದು ಲ್ಯಾಬಿನಲ್ಲಿ ಕುಳಿತು, ಯಾವುದೋ ದೂರದೇಶದಲ್ಲಿ ನೆಲದಡಿ ಇರುವ ದೈತ್ಯ ಯಂತ್ರಕ್ಕೆ ಎಲೆಕ್ಟ್ರಾನಿಕ್ ಬೋರ್ಡು ಮಾಡುತ್ತಾರೆ. ಆ ಯಂತ್ರದಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಕಣಗಳು ಢಿಕ್ಕಿ ಹೊಡೆಯುತ್ತವಂತೆ. ಎಲ್ಲವನ್ನೂ ಉಳಿಸಿಡುವುದು ಯಾವ ಕಂಪ್ಯೂಟರಿಗೂ ಆಗದ ಮಾತು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು ಎಂದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ತೀರ್ಮಾನಿಸುವುದು ಇವರ ಬೋರ್ಡಿನ ಕೆಲಸ. ಅದಕ್ಕೆ ಟ್ರಿಗರ್ ಎಂದು ಹೆಸರು. ಮ್ಯೂಯಾನ್ ಎಂಬ ಕಣ ಇದೆಯಲ್ಲ, ಅದು ಕಬ್ಬಿಣದ ಗೋಡೆಯನ್ನೂ ದಾಟಿ ಹೋಗುತ್ತದೆ. ಅದರ ದಾರಿಯಲ್ಲಿ ಪದರ ಪದರವಾಗಿ ಕಾವಲು. ಒಂದು ಪದರ ಮಾತ್ರ ‘ಬಂತು’ ಎಂದರೆ ಅದು ಬರೀ ಗದ್ದಲ, ಬಿಸಾಡು. ಮೂರು ಪದರಗಳೂ ಒಂದೇ ಕ್ಷಣಕ್ಕೆ ‘ಬಂತು’ ಎಂದರೆ ಮ್ಯೂಯಾನ್, ಇಟ್ಟುಕೋ.

ಕಾಪುವಿನಲ್ಲಿರುವ ನಮ್ಮ ಅತ್ತೆ ಮೀನು ವ್ಯಾಪಾರದ ಮನೆಯವರು. ಮಗ ಇದನ್ನೆಲ್ಲ ವಿವರಿಸಿದಾಗ ಸಮಾಧಾನದಿಂದ ಕೇಳಿದರು.

“ಅದನ್ನು ತಿನ್ನಲಿಕ್ಕೆ ಆಗ್ತದಾ?”

“ಇಲ್ಲ ಅಮ್ಮ.”

“ಮಾರಲಿಕ್ಕೆ?”

“ಇಲ್ಲ.”

“ಮತ್ತೆ ಎಂತಕ್ಕೆ ಮಗಾ ಅಷ್ಟು ದೊಡ್ಡ ಬಲೆ?”

ಇವರು ಆ ಪ್ರಶ್ನೆಯನ್ನು ಬಿಸಾಡಿದರು. ಕೇಳಿದ್ದು ಒಬ್ಬರೇ ಅಲ್ಲವೇ.

ಲ್ಯಾಬಿನ ಪದ್ಧತಿ ಲ್ಯಾಬಿನಲ್ಲೇ ಇದ್ದಿದ್ದರೆ ನನಗೇನು ಕಷ್ಟವಿತ್ತು? ಒಂದು ಸಂಜೆ ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂತು. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆರೆದು ಇವರನ್ನು ಕರೆದೆ. “ನಿನಗೆ ಮಾತ್ರ ಬಂದದ್ದಾ?” ಎಂದು ಕೇಳಿದವರೇ ಹೋಗಿ ಮೇಲಿನ ಮನೆಯವರನ್ನು ಕರೆತಂದರು. ಆ ಪುಣ್ಯಾತ್ಮರಿಗೆ ಶೀತ. “ನನಗೆ ಎಂತದೂ ಬರುವುದಿಲ್ಲಪ್ಪ” ಎಂದರು. ಅಲ್ಲಿಗೆ ವಾಸನೆ ರದ್ದಾಯಿತು! ಮರುದಿನ ಗ್ಯಾಸಿನವನು ಬಂದು ಬಿರುಕು ಬಿಟ್ಟ ಪೈಪನ್ನು ತೋರಿಸಿದ. ಆಗಲಾದರೂ ನೀನು ಹೇಳಿದ್ದು ಸರಿ ಎಂದರೇ? ಇಲ್ಲ. “ಶೀತ ಆದವರನ್ನು ಲೆಕ್ಕಕ್ಕೆ ಹಿಡಿಯಬಾರದಿತ್ತು” ಎಂದು ತಮ್ಮ ಪದ್ಧತಿಯನ್ನೇ ತಿದ್ದಿಕೊಂಡರು.

ಹೋಗಲಿ, ಮೂರು ಸಾಕ್ಷಿ ಸಿಕ್ಕಿದರಾದರೂ ಕ್ಷೇಮವೇ? ನನ್ನ ಅಕ್ಕನ ಮಗಳ ಮದುವೆ ಕಾರ್ಕಳದಲ್ಲಿ. ನಾನು ಮುನ್ನಾದಿನವೇ ಹೋಗಿದ್ದೆ. ಮರುದಿನ ಕಾರಿನಲ್ಲಿ ಹೊರಟ ಇವರು ಏನೋ ಯೋಚನೆಯಲ್ಲಿ ಕಾರ್ಕಳವನ್ನು ದಾಟಿ ಬಜಗೋಳಿಗೆ ಹೋದರು. ಅಲ್ಲೊಂದು ಹಾಲ್, ಬಾಗಿಲಿಗೆ ಹೂವಿನ ಅಲಂಕಾರ. ಕಾರು ನಿಲ್ಲಿಸಲು ಜಾಗ ತೋರಿಸುವವನನ್ನು, ಹೂ ಮಾರುವವಳನ್ನು, ಬಾಗಿಲಲ್ಲಿ ನಿಂತಿದ್ದ ಹಿರಿಯರನ್ನು “ಮದುವೆ ಇಲ್ಲಿಯಾ?” ಎಂದು ಕೇಳಿದರು. ಮೂವರೂ ಹೌದೆಂದರು. ಇನ್ನೇನು ಬೇಕು! ಯಾರದೋ ಮದುವೆಯಲ್ಲಿ ಉಂಡು, ಯಾರೋ ಮದುಮಗಳಿಗೆ ನಮ್ಮ ಮಿಕ್ಸಿ ಕೊಟ್ಟು, ಫೋಟೋಕ್ಕೂ ನಿಂತು ನನಗೆ ಫೋನ್ ಮಾಡಿದರು. “ಎಲ್ಲಿದ್ದೀ ಮಾರಾಯ್ತಿ? ಊಟಕ್ಕೂ ಕಾಣಲಿಲ್ಲ.”

ಇಂಥವರ ಎದುರು ನಿಂತು ‘ನನಗೆ ಸುಸ್ತಾಗುತ್ತದೆ’ ಎಂದರೆ ಏನಾದೀತು?

“ನಿನ್ನೆ ನಿದ್ದೆ ಸರಿಯಾಗಿರಲಿಕ್ಕಿಲ್ಲ” ಎಂದರು. ಒಂದೇ ಪದರ, ಬಿಸಾಡಿದ್ದಾಯಿತು.

ತಿಂಗಳೆರಡು ಕಳೆದು, ಮಳೆ ಬಿಟ್ಟ ಮೇಲೆ ಕಾಪುವಿಗೆ ಹೋದಾಗ ಅತ್ತೆ, “ಇವಳಿಗೆ ಎಂತ ಆಗಿದೆ ಮಗಾ? ಮುಖದಲ್ಲಿ ರಕ್ತವೇ ಇಲ್ಲ” ಎಂದರು. ಎರಡನೆಯ ಸಾಕ್ಷಿ ಬಂತಲ್ಲ ಎಂದು ನನಗೆ ಆಸೆಯಾಯಿತು. ಆದರೆ ಅಷ್ಟರಲ್ಲಿ ಮೊದಲನೆಯದು ಇವರ ತಲೆಯಿಂದ ಅಳಿಸಿಹೋದ ಹಾಗಿತ್ತು. “ಬಿಸಿಲಿಗೆ ಬಂದದ್ದಲ್ವಾ ಅಮ್ಮ” ಎಂದರು. ನಾನು ಮತ್ತೆ ಹೇಳಲು ಹೋಗಲಿಲ್ಲ. ಹೇಳುವುದಕ್ಕೂ ಸುಸ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಶಾಲೆಯ ಮೆಟ್ಟಿಲಲ್ಲೇ ಕುಸಿದೆ. ಜೊತೆಯ ಟೀಚರೊಬ್ಬರು ರಿಕ್ಷಾದಲ್ಲಿ ಆಸ್ಪತ್ರೆಗೆ ಸೇರಿಸಿದರು, ಇವರೂ ಓಡಿ ಬಂದರು. ಹೃದಯದ ಒಂದು ಕವಾಟ ತೀರ ಕಿರಿದಾಗಿದೆ, ಆಪರೇಷನ್ ಮಾಡಿ ಬದಲಾಯಿಸಬೇಕು ಎಂದರು ಡಾಕ್ಟರು. “ಈ ಸುಸ್ತು ಯಾವಾಗಿನಿಂದ?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು ಉತ್ತರಿಸಿದರು.

“ಆಟಿ ತಿಂಗಳ ಜೋರು ಮಳೆಯ ಸಮಯದಿಂದ. ಆಗಲೇ ಹೇಳಿದ್ದಳು. ನಾನು ಕೇಳಲಿಲ್ಲ.”

ಹೊರಗೆ ಬೆಂಚಿನ ಮೇಲೆ ಕುಳಿತೆವು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಬೈಯುವುದಕ್ಕೂ ಉಸಿರು ಬೇಕಲ್ಲ. ಅವರೇ ಮಾತು ತೆಗೆದರು. “ನಮ್ಮ ಬೋರ್ಡು ಒಮ್ಮೆ ಬಿಸಾಡಿದ್ದು ಮತ್ತೆ ಸಿಗುವುದಿಲ್ಲ, ಗೊತ್ತುಂಟಾ? ಅದರಲ್ಲಿ ಎಂತ ಇತ್ತು ಅಂತ ಸಹ ಯಾರಿಗೂ ಗೊತ್ತಾಗುವುದಿಲ್ಲ.” ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಲೇ ಇದ್ದರು.

“ನಾನು ಇನ್ನೂ ಇಲ್ಲಿಯೇ ಇದ್ದೇನೆ ಮಾರಾಯ್ರೇ” ಎಂದೆ.

ಆಪರೇಷನ್ನಿನ ದಿನ ಬೆಳಿಗ್ಗೆ ನನ್ನನ್ನು ಸ್ಟ್ರೆಚರಿನಲ್ಲಿ ಮಲಗಿಸಿದರು. ಡಾಕ್ಟರು ಬಂದು, ಹೆದರುವಂಥದ್ದು ಏನೂ ಇಲ್ಲ ಎಂದರು. ನರ್ಸ್ ಕೂಡ, “ಟೀಚರಿಗೆ ಎಂತ ಹೆದರಿಕೆ, ಧೈರ್ಯದವರು” ಎಂದಳು. ನಾನೂ, “ನನಗೆ ಹೆದರಿಕೆ ಇಲ್ಲ, ನೀವು ಹೋಗಿ ಒಂದು ಕಾಫಿ ಕುಡಿದು ಬನ್ನಿ” ಎಂದೆ. ಮೂರು ಜನ, ಒಂದೇ ಹೊತ್ತು, ಒಂದೇ ಮಾತು. ಇಷ್ಟು ಗಟ್ಟಿ ಸಾಕ್ಷಿ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ.

ಅವರು ಹೋಗಲಿಲ್ಲ. “ಸುಳ್ಳು” ಎಂದರು ಮೆಲ್ಲಗೆ. ನನ್ನ ಕೈ ಹಿಡಿದುಕೊಂಡು ಸ್ಟ್ರೆಚರಿನ ಜೊತೆಯಲ್ಲೇ ನಡೆದರು. ನನಗೆ ಹೆದರಿಕೆಯಾಗಿತ್ತು, ಬಹಳ ಹೆದರಿಕೆಯಾಗಿತ್ತು. ಥಿಯೇಟರಿನ ಬಾಗಿಲಲ್ಲಿ ನರ್ಸ್, “ಇನ್ನು ಕೈ ಬಿಡಿ ಸರ್” ಎಂದಳು. ಅವರು ಬಿಡಲಿಲ್ಲ. ಕೊನೆಗೆ ನಾನೇ ಬಿಡಿಸಿಕೊಳ್ಳಬೇಕಾಯಿತು.