ಕುಷ್ಟ ಶೆಟ್ಟರ ಹೆಚ್ಚಿನ ಸ್ಪ್ರಿಂಗು

ಕುಷ್ಟ ಶೆಟ್ಟರ ಪಿಸ್ತೂಲಿನ ಸ್ಪ್ರಿಂಗಿಗೆ ತುಂಡಾಗಲು ಬೇರೆ ದಿನ ಸಿಗಲಿಲ್ಲ. ಆ ಬೆಳಿಗ್ಗೆಯೇ ಊರಿನ ಉಗ್ರಾಣಿ ನಾವುಂದದ ಅವರ ಅಂಗಳದಲ್ಲಿ ನಿಂತು, "ಶೆಟ್ರೆ, ಇವತ್ತ್ ಬೈಗಿನೊಳಗೆ ಪಿಸ್ತೂಲ್ ತಕಂಡ್ ಕುಂದಾಪ್ರ ಠಾಣೆಗೆ ಬರ್ಕಂಬ್ರ್. ತಪಾಸಣೆ ಇತ್ತಂಬ್ರ್. ಹೋಯ್ದಿರೆ ಲೈಸೆನ್ಸ್ ರದ್ದ್" ಎಂದು ಹೇಳಿ ಹೋಗಿದ್ದ. ಶೆಟ್ಟರು ಪಿಸ್ತೂಲನ್ನು ಒರೆಸಿ, ಸರಿಯಿದೆಯೇ ಎಂದು ಅದರ ಮೇಲಿನ ಕಬ್ಬಿಣದ ಹೊದಿಕೆಯನ್ನು ಒಮ್ಮೆ ಎಳೆದರು. ಒಳಗೆ ಟಿಕ್ ಎಂದಿತು. ಹಿಂದಕ್ಕೆ ಹೋದದ್ದು ಮುಂದಕ್ಕೆ ಬರಲಿಲ್ಲ.

ಆ ಪಿಸ್ತೂಲು ಶೆಟ್ಟರು ಘಟ್ಟದ ಮೇಲೆ ಕಾಫಿ ತೋಟದಲ್ಲಿ ರೈಟರಾಗಿದ್ದಾಗ ದೊರೆ ಕೊಟ್ಟದ್ದು. ಒಂದು ಗುಂಡು ಹಾರಿದರೆ ಇನ್ನೊಂದು ತಾನಾಗಿ ಬಂದು ಕೂರುವ ಜಾತಿಯದು. ಅದರಿಂದ ಇವತ್ತಿನವರೆಗೆ ಒಂದು ಹಂದಿಯೂ ಸತ್ತಿಲ್ಲ. ಆದರೆ ನಾವುಂದದಲ್ಲಿ ಕುಷ್ಟ ಶೆಟ್ಟರೆನ್ನುವವರು ಇನ್ನೂ ನಾಲ್ಕೈದು ಜನ ಇದ್ದರು. ಪಟೇಲರ ಮನೆಯಲ್ಲಿ ಕುರ್ಚಿ ಸಿಗುತ್ತಿದ್ದದ್ದು 'ಪಿಸ್ತೂಲ್ ಶೆಟ್ರಿ'ಗೆ ಮಾತ್ರ. ಲೈಸೆನ್ಸು ಹೋದರೆ ಆ ಕುರ್ಚಿಯೂ ಹೋಗುತ್ತದೆ.

ಪುಣ್ಯಕ್ಕೆ ಈ ಮಹಾಯುದ್ಧ ಶುರುವಾಗುವ ಮೊದಲೇ ಶೆಟ್ಟರು ಮದರಾಸಿನಿಂದ ಬಿಡಿ ಭಾಗಗಳನ್ನು ತರಿಸಿ, ಎಣ್ಣೆಬಟ್ಟೆ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ಹೆಚ್ಚಿನದೊಂದು ಸ್ಪ್ರಿಂಗು, ಗುಂಡು ತುಂಬುವ ಹೆಚ್ಚಿನದೊಂದು ಉದ್ದ ಗೂಡು. ಡಬ್ಬಿ ತೆರೆದರೆ ಎಣ್ಣೆಬಟ್ಟೆ ಮಾತ್ರ ಇತ್ತು.

"ಚಂದ್ರಾವತೀ!" ಎಂದು ಹೆಂಡತಿಯನ್ನು ಕರೆದ ಕೂಗಿಗೆ ಹಟ್ಟಿಯ ದನ ಎದ್ದು ನಿಂತಿತು.

"ಎಂತಕ್ಕೆ ಗಂಟ್ಲ್ ಹರ್ಕಂತ್ರಿ? ಸ್ಪ್ರಿಂಗ್ ಬಚ್ಚ ಕೇಂಡ, ಕೊಟ್ಟೆ. ಉದ್ದ ಗೂಡ್ ವೆಂಕಟ ತಕಂಡ್ ಹೋದ."

"ಕೊಟ್ಯಾ? ಯಾರನ್ನ್ ಕೇಂಡ್ ಕೊಟ್ಟೆ?"

"ಎರಡೆರಡ್ ಇತ್ತಲೆ! ಒಂದ್ ನಮ್ಗೆ, ಒಂದ್ ಕೇಂಡರಿಗೆ ಕೊಡೂಕೆ ಅಲ್ದಾ?"

ಆಕೆಯ ತಪ್ಪೇನೂ ಇರಲಿಲ್ಲ. ಆ ಮನೆಯಲ್ಲಿ ಅತ್ತೆಯ ಕಾಲದಿಂದಲೂ ನೆರೆಯವರಿಗೆ ಕೊಡಲೆಂದೇ ಒಂದು ಹೆಚ್ಚಿನ ಸೇರು, ಒಂದು ಹೆಚ್ಚಿನ ಲಾಟೀನು, ಒಂದು ಹೆಚ್ಚಿನ ಕತ್ತಿ ಇಡುವ ರೂಢಿ. ಕೇಳಿದವರಿಗೆ ಇಲ್ಲ ಎನ್ನಬಾರದು. ಹೆಚ್ಚಿನ ಸ್ಪ್ರಿಂಗೂ ಅದೇ ಲೆಕ್ಕಕ್ಕೆ ಸೇರಿತ್ತು. ಇದನ್ನೆಲ್ಲ ಯೋಚಿಸುವ ತಾಳ್ಮೆ ಶೆಟ್ಟರಿಗೆಲ್ಲಿ? ಪಿಸ್ತೂಲನ್ನು ಚೀಲಕ್ಕೆ ತುರುಕಿಕೊಂಡು ಬೇಲಿ ಹಾರಿ ಪಕ್ಕದ ಬಚ್ಚನ ಮನೆಗೆ ನುಗ್ಗಿದರು.

ಬಚ್ಚ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಪಕ್ಕದಲ್ಲಿ ಅವನ ಜೊತೆಗಾರ ವೆಂಕಟ. ಶೆಟ್ಟರ ಗುಂಡಿನ ಗೂಡು ವೆಂಕಟನ ಕೈಯಲ್ಲೇ ಇತ್ತು. ಅರ್ಧ ಸೇದಿದ ಬೀಡಿಯ ಮೋಟುಗಳನ್ನು ಅವನು ಅದರಲ್ಲಿ ತುಂಬಿದ್ದ. ಒಂದನ್ನು ತೆಗೆದರೆ ಇನ್ನೊಂದು ತಾನಾಗಿ ಮೇಲೆ ಬರುತ್ತಿತ್ತು.

"ಕಾಣಿ ಶೆಟ್ರೆ, ಎಂತಾ ಉಪಕಾರದ್ ವಸ್ತು ಮರ್ರೆ!" ಎಂದು ವೆಂಕಟ ಒಂದು ಮೋಟನ್ನು ಎಬ್ಬಿಸಿ ತೋರಿಸಿದ.

ಶೆಟ್ಟರ ಕಣ್ಣು ಕೆಂಪಾಯಿತು. "ನಿನ್ ಬೀಡಿಗೆ ಬೆಂಕಿ ಬೀಳ್ಲಿ! ಬಚ್ಚ, ನನ್ ಸ್ಪ್ರಿಂಗ್ ಎಲ್ಲಿತ್ತ್?"

"ಅದ್ ಹೆಮ್ಮಾಡಿಲಿ ಇತ್ತ್. ಭಾವನ ಅವಲಕ್ಕಿ ಅಂಗ್ಡಿಲಿ ಇಲಿ ಕಾಟ. ಬೋನಿಗೆ ಹಾಕೂಕೆ ಕೊಟ್ಟೆ. ಸಿಟ್ಟ್ ಮಾಡ್ಬೇಡಿ, ನಾವೂ ಬತ್ತೊ."

ಬೇಡವೆಂದರೂ ಇಬ್ಬರೂ ಹೊರಟರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಸಣ್ಣ ಏರಿನಲ್ಲೇ ನಿಂತಿತು. "ಇಳ್ದ್ ದೂಡಿ" ಎಂದ ಡ್ರೈವರ. ಶೆಟ್ಟರು ಡ್ರೈವರನನ್ನೂ, ಇದ್ದಿಲನ್ನೂ, ಯುದ್ಧ ಹೂಡಿದವರನ್ನೂ ಒಟ್ಟಿಗೇ ಬಯ್ಯುತ್ತ ದೂಡಿದರು. ಹೆಮ್ಮಾಡಿಯಲ್ಲಿ ಇಳಿಯುವಾಗ ಅವರ ಬಿಳಿ ಜುಬ್ಬ ಒಲೆಯ ಮೇಲಿನ ಹಿಡಿಬಟ್ಟೆಯ ಹಾಗಿತ್ತು.

ಬಚ್ಚನ ಭಾವ ಅಣ್ಣಯ್ಯ ಬೋನನ್ನು ಹೊರಗೆ ತಂದ. ಒಳಗೆ ದೊಡ್ಡ ಹೆಗ್ಗಣವೊಂದು ಬಿದ್ದಿತ್ತು. "ಸ್ವಲ್ಪ ನಿಲ್ಲಿ, ಇದನ್ನ್ ಹೊಳಿಗೆ ಹಾಕಿ ಬತ್ತೆ" ಎಂದ. ನಿಲ್ಲುವವರು ಯಾರು? ಶೆಟ್ಟರು ಬೋನು ಕಸಿದು ಸ್ಪ್ರಿಂಗು ಕಿತ್ತರು. ಬಾಗಿಲು ಸಡಿಲಿ ಹೆಗ್ಗಣ ನೇರ ಅವಲಕ್ಕಿ ಮೂಟೆಗಳ ಸಂದಿಗೆ ಹಾರಿತು.

"ಅಯ್ಯಯ್ಯೋ, ತಿಂಗಳಿಂದ ಕಾದ್ ಹಿಡ್ದದ್ದ್! ಹೆಗ್ಗಣ ಹಿಡ್ದ್ ಕೊಟ್ಟ್ ಹೋಯ್ನಿ!" ಎಂದು ಅಣ್ಣಯ್ಯ ಶೆಟ್ಟರ ಚೀಲ ಹಿಡಿದ. ಚೀಲದೊಳಗೆ ಏನಿದೆ ಎಂದು ಕಂಡ ಮೇಲೆ ತಾನಾಗಿ ಬಿಟ್ಟ.

ಅಂಗಡಿಯ ಬೆಂಚಿನ ಮೇಲೆಯೇ ಶೆಟ್ಟರು ಸ್ಪ್ರಿಂಗು ಹಾಕಿ ಎಳೆದರು. ಹಿಂದಕ್ಕೆ ಹೋದದ್ದು ಖಟ್ಟನೆ ಮುಂದಕ್ಕೆ ಬಂತು. ಬೆಳಗಿನಿಂದ ಮೊದಲ ಸಲ ಅವರ ಮೀಸೆ ನೆಟ್ಟಗಾಯಿತು. ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರದ ಠಾಣೆ ಮುಟ್ಟುವಾಗ ಹೊತ್ತು ಇಳಿದಿತ್ತು.

ಶೆಟ್ಟರಿಗಿಂತ ಮುಂದೆ ಬೇರೆ ಊರಿನ ದುಗ್ಗಪ್ಪ ಹೆಗ್ಡೆಯವರು ಕೋವಿ ಹಿಡಿದು ನಿಂತಿದ್ದರು. ಮಂಗಳೂರು ಕಡೆಯ ಇನ್ಸ್‌ಪೆಕ್ಟರರು ಅದರ ಕುದುರೆ ಎಳೆದರೆ ತುಕ್ಕು ಉದುರಿತು. "ಇದು ಯಾವ ಕೆಲಸಕ್ಕೂ ಬರುವುದಿಲ್ಲ ಮಾರಾಯ್ರೆ, ತೆಗೊಂಡು ಹೋಗಿ" ಎಂದು ಹಿಂದಕ್ಕೆ ಕೊಟ್ಟರು. ಹೆಗ್ಡೆಯವರು ನಗುತ್ತ ಹೋದರು. ಇಷ್ಟು ಮರ್ಯಾದೆ ಹೋದರೂ ನಗುವ ಜನ ಇದ್ದಾರಲ್ಲ ಎಂದು ಶೆಟ್ಟರಿಗೆ ಅಸಹ್ಯವಾಯಿತು.

ಇನ್ಸ್‌ಪೆಕ್ಟರರು ಶೆಟ್ಟರ ಪಿಸ್ತೂಲನ್ನು ಹಿತ್ತಿಲಿಗೆ ಒಯ್ದು ಮಣ್ಣಿನ ದಿಣ್ಣೆಗೆ ಗುಂಡು ಹಾರಿಸಿದರು. ಬೆನ್ನಿಗೆ ಇನ್ನೊಂದು.

"ಭೇಷ್! ಈ ತಾಲೂಕಿನಲ್ಲಿ ಇಂಥ ಮಾಲು ನೋಡಿರಲಿಲ್ಲ. ಪಾಸು!"

ಶೆಟ್ಟರು ಕೈ ಚಾಚಿದರು. ಇನ್ಸ್‌ಪೆಕ್ಟರರು ಪಿಸ್ತೂಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಯುದ್ಧ ಅಲ್ವಾ, ಠಾಣೆಗೆ ಆಯುಧ ಸಾಲದು. ಕೆಲಸ ಮಾಡುವಂಥದ್ದನ್ನೆಲ್ಲ ಇಟ್ಟುಕೊಳ್ಳಬೇಕೆಂದು ಹುಕುಂ. ಹಾಳಾದದ್ದು ಮಾತ್ರ ಮನೆಗೆ."

ಶೆಟ್ಟರು ಕೈ ಮುಗಿದರು. "ಸ್ವಾಮಿ, ಇದೂ ಹಾಳಾದ್ದೇ! ಬೆಳಿಗ್ಗೆ ಸ್ಪ್ರಿಂಗ್ ತುಂಡಾಯ್ತ್, ದೇವ್ರಾಣೆ!"

"ಮತ್ತೆ ಸರಿ ಮಾಡಿದ್ದು ಯಾರು?"

"ನಾನೇ."

"ಒಳ್ಳೆಯದೇ ಆಯ್ತು. ನಮ್ಮ ಪೊಲೀಸರಿಗೆ ಇದರ ತಲೆಬುಡ ತಿಳಿಯುವುದಿಲ್ಲ. ಪ್ರತಿ ಶುಕ್ರವಾರ ನೀವೇ ಬಂದು ಎಣ್ಣೆ ಹಾಕಿ ಹೋಗಿ."

ಬಾಗಿಲಲ್ಲಿ ನಿಂತಿದ್ದ ವೆಂಕಟ ಬೀಡಿ ಮೋಟುಗಳನ್ನು ಅಂಗೈಗೆ ಸುರಿದುಕೊಂಡು, ಗುಂಡಿನ ಗೂಡನ್ನು ಭಕ್ತಿಯಿಂದ ಮುಂದೆ ಹಿಡಿದ. "ಸ್ವಾಮಿ, ಇದೂ ಶೆಟ್ರದ್ದೇ." ಅದೂ ಕಪಾಟಿಗೆ ಸೇರಿತು.

ಹಿಂದೆ ಬರುವಾಗ ಹೆಮ್ಮಾಡಿಯಲ್ಲಿ ಅಣ್ಣಯ್ಯ ರಸ್ತೆಗೇ ಬಂದು ಸ್ಪ್ರಿಂಗು ಕೇಳಿದ. ಶೆಟ್ಟರು ಅವನನ್ನು ದಾಟಿ ಮುಂದೆ ಹೋದರು. ಬೆಳಗಿನಿಂದ ಬಯ್ದು ಬಯ್ದು ಊರೆಲ್ಲ ಮುಗಿದಿತ್ತು. ಇನ್ನು ಬಯ್ಯಬೇಕಾದವನು ಒಬ್ಬನೇ ಉಳಿದಿದ್ದ. ಬೋನಿನಲ್ಲಿ ಸುಖವಾಗಿದ್ದ ಸ್ಪ್ರಿಂಗನ್ನು ಕಿತ್ತು ತಂದವನು ಅವನೇ.

ಚಂದ್ರಾವತಿ ದೀಪ ಹಿಡಿದು ಅಂಗಳಕ್ಕೆ ಬಂದಳು. "ಎಂತ ಆಯ್ತ್? ತಪಾಸಣೆಲಿ ಪಾಸಾಯ್ತಾ?"

"ಪಾಸಾಯ್ತ್!" ಎಂದು ಶೆಟ್ಟರು ಖಾಲಿ ಚೀಲವನ್ನು ಅಂಗಳದ ತುದಿಗೆ ಎಸೆದರು. ಪಾಸಾಗಿ ಬಂದು ಇಷ್ಟೊಂದು ಸಿಟ್ಟು ಮಾಡುವ ಮನುಷ್ಯನನ್ನು ಚಂದ್ರಾವತಿ ಎಲ್ಲೂ ಕಂಡಿರಲಿಲ್ಲ.