ಎರಡೂ ಕಣ್ಣು ಬಿಡಿ ಸಾರ್

ಮನುಷ್ಯರಿಗೆ ಎರಡು ಕಣ್ಣಿರುವುದರಿಂದಲೇ ನನಗೆ ಸಂಬಳ ಬರುತ್ತದೆ, ತಲೆನೋವೂ ಬರುತ್ತದೆ. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ, ಬಂದವರಿಗೆ ವಿಶೇಷ ಕನ್ನಡಕ ಹಾಕಿಸಿ ಪರದೆಯ ಮುಂದೆ ಕೂರಿಸುವುದು ನನ್ನ ಕೆಲಸ. ಎರಡೂ ಕಣ್ಣಿಂದ ನೋಡಿದರೆ ಕೆಲವು ಚುಕ್ಕಿಗಳು ಮುಖದ ಹತ್ತಿರ ತೇಲಿದಂತೆ, ಕೆಲವು ದೂರ ನಿಂತಂತೆ ಕಾಣುತ್ತವೆ. ಗಮನ ಹತ್ತಿರದವುಗಳ ಮೇಲಿರಬೇಕು. ದೂರದಲ್ಲಿ ಕೆಂಪು ಚುಕ್ಕಿ ಕಂಡರೆ ಬಟನ್ ಒತ್ತಬೇಕು. ಎಷ್ಟು ಬೇಗ ಒತ್ತಿದರು ಅಂತ ಕಂಪ್ಯೂಟರ್ ಅಳೆಯುತ್ತದೆ. ಇದರಲ್ಲಿ ಕೆಡುವುದಕ್ಕೆ ಏನಿದೆ ಅಂತ ನಾನೂ ಅಂದುಕೊಂಡಿದ್ದೆ.

ಗುರಿಕಾರರು

ಕೆಸರೆಯ ಕ್ಯಾರಂ ಆಟಗಾರರೊಬ್ಬರು ಎಡಗಣ್ಣು ಮುಚ್ಚಿಕೊಂಡು ನೋಡುತ್ತಿದ್ದರು.

"ಎರಡೂ ಕಣ್ಣು ಬಿಡಿ ಸಾರ್. ಒಂದು ಮುಚ್ಚಿದ್ರೆ ಹತ್ತಿರ ಯಾವುದು, ದೂರ ಯಾವುದು ಅಂತ ಗೊತ್ತಾಗಲ್ಲ."

"ಎರಡೂ ಬಿಟ್ರೆ ಗಮನ ಚದುರಿಹೋಗುತ್ತೆ ಕಣಮ್ಮ."

ಗೋಗರೆದ ಮೇಲೆ ಎರಡೂ ಕಣ್ಣು ಅರಳಿಸಿ ಕೂತರು. ನೋಡಿದರೆ, ನಾನು ಹಾಕಿಸಿದ್ದ ಕನ್ನಡಕವನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದರು.

ದಾರಿ ಬಿಟ್ಟವರು

ಚರ್ಚಿನ ಗಾಯನವೃಂದದ ಆಂಟಿಯೊಬ್ಬರು, ಚುಕ್ಕಿ ತೇಲಿ ಬಂದಾಗಲೆಲ್ಲ ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದರು.

"ಯಾಕೆ ಆಂಟಿ ಹಿಂದೆ ಹೋಗ್ತೀರ?"

"ಅದು ಮುಂದೆ ಬರ್ತಿದೆಯಲ್ಲಮ್ಮ."

ಕೊನೆಗೆ ಕುರ್ಚಿ ಗೋಡೆಗೆ ತಗುಲಿತು. "ಇನ್ನು ನೀನೇ ಅದಕ್ಕೆ ಹೇಳು," ಅಂದರು.

ಯೋಗಿಗಳು

ಗೋಕುಲಂನ ಯೋಗ ಶಿಕ್ಷಕರು ಅಲುಗಾಡದೆ ಕೂತರು. ಕೊನೆಯವರೆಗೂ ಬಟನ್ ಮುಟ್ಟಲಿಲ್ಲ.

"ಕೆಂಪು ಚುಕ್ಕಿ ಕಾಣಲಿಲ್ವಾ ಸಾರ್?"

"ಎಲ್ಲಾ ಕಾಣ್ತು. ಗಮನ ಹತ್ತಿರ ಇಡಿ ಅಂದ್ರಲ್ಲ, ಕಂಡಿದ್ದನ್ನ ಅಲ್ಲೇ ಬಿಟ್ಬಿಟ್ಟೆ."

ಮೇಡಂ ಅವರ ಮನೆಯವರು

ಇಷ್ಟೂ ದಾಖಲೆ ಕಸದ ಬುಟ್ಟಿಗೆ ಹೋದಾಗ ನಮ್ಮ ಪ್ರೊಫೆಸರ್ ಮೇಡಂ ರೇಗಿದರು. "ತಪ್ಪು ಜನರದ್ದಲ್ಲ, ನಿನಗೆ ಹೇಳಿಕೊಡೋಕೆ ಬರಲ್ಲ. ಹೀಗೇ ಆದ್ರೆ ಬೇರೆಯವರನ್ನ ನೋಡಬೇಕಾಗುತ್ತೆ. ನಾಳೆ ನಾನೇ ತೋರಿಸ್ತೀನಿ."

ನನಗೆ ರಾತ್ರಿ ಊಟ ಸೇರಲಿಲ್ಲ.

ಮಾರನೆಯ ದಿನ ಯಾರೂ ಬರಲಿಲ್ಲವಾದ್ದರಿಂದ ಮೇಡಂ ತಮ್ಮ ಯಜಮಾನರನ್ನೇ ಕರೆತಂದು ಕೂರಿಸಿದರು. ಹಿಂದೆ ನಿಂತು ಬಿಡದೆ ವಿವರಿಸಿದರು: ಹತ್ತಿರದ್ದು ನೋಡಿ, ದೂರದ್ದನ್ನೂ ಮರೀಬೇಡಿ, ಬೆನ್ನು ನೆಟ್ಟಗಿರಲಿ, ಕಣ್ಣು ಕಿರಿದು ಮಾಡಬೇಡಿ. ಪರೀಕ್ಷೆ ಮುಗಿಯಿತು. ಕಂಪ್ಯೂಟರಿನಲ್ಲಿ ಒಂದು ಉತ್ತರವೂ ಇರಲಿಲ್ಲ.

"ಏನ್ರೀ, ಕೆಂಪು ಚುಕ್ಕಿ ಕಾಣಲೇ ಇಲ್ವಾ?"

"ಚೆನ್ನಾಗಿ ಕಾಣ್ತು."

"ಮತ್ತೆ ಯಾಕೆ ಬಟನ್ ಒತ್ತಲಿಲ್ಲ?"

"ನೀನು ಹೇಳೋದು ಮುಗೀಲಿ ಅಂತ ಕಾಯ್ತಿದ್ದೆ."

ಮೇಡಂ ಪರದೆ ಆರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆಯಿಂದ ನೀನೇ ಹೇಳಿಕೊಡಮ್ಮ," ಅಂದರು.