ವಿಮಾನದ ಬೀಗತನ

ಕೆಲವರಿಗೆ ಸರ್ಕಾರದ ಮೇಲೆ ಸಿಟ್ಟು, ಕೆಲವರಿಗೆ ಹೆಂಡತಿಯ ತವರಿನ ಮೇಲೆ. ನನಗೆ ವಿಮಾನಗಳ ಮೇಲೆ ಸಿಟ್ಟು. ಒಂದನ್ನೂ ಹತ್ತಿರದಿಂದ ಕಂಡವನಲ್ಲ, ಆದ್ದರಿಂದಲೇ ನಿಶ್ಚಿಂತೆಯಿಂದ ಬೈಯಬಲ್ಲೆ. ಹೊಸಪೇಟೆಯ ಬಜಾರಿನಲ್ಲಿ ನನ್ನದು ಪಾತ್ರೆ ಅಂಗಡಿ. ಜರ್ಮನಿಯ ಜೊತೆ ಯುದ್ಧ ಶುರುವಾದ ಮೇಲೆ ಮದ್ರಾಸಿನಿಂದ ಅಲ್ಯೂಮಿನಿಯಂ ಸಾಮಾನು ಬರುವುದು ನಿಂತೇಹೋಯಿತು. ಏಕೆಂದು ವಿಚಾರಿಸಿದರೆ, ಲೋಹವೆಲ್ಲ ವಿಮಾನ ಕಟ್ಟುವುದಕ್ಕೆ ಹೋಗುತ್ತಿದೆಯಂತೆ. ಇನ್ನು ನಮ್ಮ ಕಡೆ ಜನ ಅಲ್ಯೂಮಿನಿಯಂ ಪಾತ್ರೆಗೆ ‘ಜರ್ಮನ್ ಪಾತ್ರಿ’ ಎನ್ನುತ್ತಾರೆ. ಯಾರಾದರೂ ಬಂದು "ಜರ್ಮನ್ ಐತೇನ್ರಿ?" ಎಂದು ಗಟ್ಟಿಯಾಗಿ ಕೇಳಿದರೆ, ಪೊಲೀಸರು ಇದ್ದಾರೇನೋ ಎಂದು ಬೀದಿಯ ಎರಡೂ ಕಡೆ ನೋಡಿ "ಇಲ್ಲ" ಎನ್ನಬೇಕಾಗುತ್ತಿತ್ತು.

ಸಾಲದ್ದಕ್ಕೆ ಮೈಸೂರು ಸೀಮೆಯ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯೇ ಎದ್ದಿತು. "ಅವರಿಗೆ ಕಾರ್ಖಾನಿ, ನಮಗ ಸಂಡೂರಿನ ಕೆಂಪು ಧೂಳು" ಎಂದು ನಾನು ಅಂಗಡಿಕಟ್ಟೆಯ ಮೇಲೆ ಕೂತು ಭಾಷಣ ಬಿಗಿಯುತ್ತಿದ್ದೆ. ಅಷ್ಟರಲ್ಲಿ ಮಗಳು ಗಿರಿಜೆಗೆ ಒಂದು ಸಂಬಂಧ ಬಂತು. ನಮ್ಮ ಕಡೆಯವನೇ ಆದ ಹುಡುಗನಿಗೆ ಅದೇ ಕಾರ್ಖಾನೆಯಲ್ಲಿ ತಗಡಿಗೆ ತಗಡು ಸೇರಿಸಿ ರಿವೆಟ್ಟು ಹೊಡೆಯುವ ಕೆಲಸ. ಬಂದ ವರಗಳನ್ನೆಲ್ಲ ಬೇಡವೆನ್ನುತ್ತಿದ್ದ ಗಿರಿಜೆ ಇವನ ಫೋಟೋ ನೋಡಿ, "ಆದ್ರ ಇದ ಆಗ್ಲಿ, ಇಲ್ಲಾಂದ್ರ ಬ್ಯಾಡ" ಎಂದು ತಾಯಿಯ ಹತ್ತಿರ ಹೇಳಿಬಿಟ್ಟಳು. ಬೆಳಗಾಗುವುದರಲ್ಲಿ ನನ್ನ ಭಾಷಣ ಬದಲಾಯಿತು. ಕೈಗಾರಿಕೆ ಇಲ್ಲದೆ ಸೀಮೆ ಉದ್ಧಾರವಾಗುವುದುಂಟೇ? ಒಂದು ಕಾರ್ಖಾನೆ ಬಂದರೆ ಸುತ್ತ ಹೋಟೆಲು, ದರ್ಜಿ, ಬಾಡಿಗೆ ಮನೆ ಎಲ್ಲವೂ ಬರುತ್ತವೆ. ನಾಲ್ಕು ಪಾತ್ರೆ ಅಂಗಡಿಯೂ ಬಂದಾವು. ಕಟ್ಟೆಯ ಮೇಲಿನವರು ಹಳೆಯ ಭಾಷಣಕ್ಕೆ ತಲೆಯಾಡಿಸಿದ ಹಾಗೆಯೇ ಇದಕ್ಕೂ ಆಡಿಸಿದರು.

ಹೆಣ್ಣು ನೋಡಲು ಹುಡುಗ ತಂದೆಯೊಂದಿಗೆ ಬಂದ. ಶಿರಾ, ಉಪ್ಪಿಟ್ಟು ಮುಗಿದವು. ಎಲೆ ಅಡಿಕೆ ತಟ್ಟೆ ಹಿಡಿದು ಕೂತಿದ್ದ ನಮ್ಮವ್ವ ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಲ್ಲಪ್ಪ, ನೀ ಮಾಡಿದ ವಿಮಾನದಾಗ ನೀ ಕುಂತೀಯೇನು?"

"ಇಲ್ರಿ ಅಮ್ಮಾರ. ನಮ್ಮನ್ನ ಹತ್ತಸಂಗಿಲ್ಲ. ಹತ್ತು ಅಂದ್ರೂ ನಾ ಒಲ್ಲೆ. ಭಾಳ ಹೆದರಿಕಿ."

ಅವ್ವ ತಟ್ಟೆಯನ್ನು ಕೆಳಗಿಟ್ಟಳು. ಅವಳದು ಕಂಪ್ಲಿಯ ಹೊಳೆದಂಡೆಯ ತವರು. "ನಮ್ಮೂರಾಗ ಹರಗೋಲು ಹೆಣದಾವ ಮೊದಲು ತಾ ಕುಂತು ಹೊಳಿ ದಾಟತಾನ, ಆಮೇಲೆ ಮಂದೀನ ಕುಂದ್ರಸತಾನ. ತಾ ಒಲ್ಲದ್ದನ್ನ ಮಂದಿಗೆ ಕೊಡಾವನ ಮನಿಗೆ ನನ್ನ ಮೊಮ್ಮಗಳನ್ನ ಕೊಡಂಗಿಲ್ಲ."

ನಮ್ಮ ಮನೆಯಲ್ಲಿ ಅವ್ವನ ಮಾತಿಗೆ ಅಪೀಲಿಲ್ಲ. "ಅವ್ವ, ಅದನ್ನ ಹಾರ್ಸಾಕ ಬ್ಯಾರೆ ಮಂದಿ ಇರ್ತಾರ" ಎಂದು ನಾನು ಶುರುಮಾಡಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಹುಡುಗನ ತಂದೆ ರುಮಾಲು ಸರಿಮಾಡಿಕೊಂಡು ಏಳುವುದರಲ್ಲಿದ್ದರು. ಇದು ತಪ್ಪಿದರೆ ಗಿರಿಜೆ ಇನ್ನೊಬ್ಬನನ್ನು ಒಪ್ಪುವವಳಲ್ಲ.

ಅಡುಗೆಮನೆಯ ಬಾಗಿಲಿಂದ ಗಿರಿಜೆಯ ದನಿ ಬಂತು. "ಅಜ್ಜಿ, ಅಪ್ಪ ಮಾರೋ ಜರ್ಮನ್ ಪಾತ್ರ್ಯಾಗ ನಮ್ಮನ್ಯಾಗ ಒಂದಿನಾರ ಅಡಿಗಿ ಆಗೇತೇನು?"

ವಿಷಯವಿಷ್ಟೇ: ಗಿರಾಕಿಗಳ ಮುಂದೆ ಅಲ್ಯೂಮಿನಿಯಂ ಬೆಳ್ಳಿಗೆ ಸಮ, ಅದರಲ್ಲಿ ಬೆಂದದ್ದು ಅಮೃತ ಎನ್ನುವ ನಾನು, ಹುಳಿ ಕಪ್ಪಾಗುತ್ತದೆಂದು ಹೆದರಿ ಒಂದು ಸೌಟನ್ನೂ ನಮ್ಮ ಹೊಸ್ತಿಲು ದಾಟಿಸಿರಲಿಲ್ಲ. ನಮ್ಮದೆಲ್ಲ ಕಲಾಯಿ ಹಾಕಿದ ಹಿತ್ತಾಳೆ, ಮಣ್ಣಿನ ಮಡಕೆ.

ಅವ್ವ ಹುಡುಗನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ನನ್ನನ್ನೇ ಹೆಚ್ಚು ಹೊತ್ತು ನೋಡಿದಳು.

"ಇಂಥಾವನ್ನ ಇಷ್ಟು ವರ್ಷ ಮನ್ಯಾಗ ಇಟ್ಕೊಂಡು ಉಣ್ಣಾಕ ಹಾಕೀವಿ" ಎಂದಳು ನಿಧಾನವಾಗಿ. "ಈ ಹುಡುಗ ಖರೇನಾರ ಹೇಳಿದ. ಸಕ್ಕರಿ ಹಂಚ್ರಿ."

ಬೀಗರು ಬಿದ್ದು ಬಿದ್ದು ನಕ್ಕರು. ಭಾವಿ ಅಳಿಯ ಮಾತ್ರ ನಗದೆ ತಲೆ ತಗ್ಗಿಸಿದ. ಆ ಮರ್ಯಾದೆಗೆ ಅವನ ಮೇಲೆ ನನಗೆ ನಿಜಕ್ಕೂ ಪ್ರೀತಿ ಹುಟ್ಟಿತು. ಮದುವೆ ನಿಶ್ಚಯವಾಯಿತು.

ಮರುದಿನ ಅವ್ವ ಅಂಗಡಿಗೆ ಬಂದು, ಯಾರೂ ಕೊಳ್ಳದೆ ಉಳಿದಿದ್ದ ಒಂದು ಸೊಟ್ಟ ಅಲ್ಯೂಮಿನಿಯಂ ಬೋಗುಣಿಯನ್ನು ತಾನೇ ಎತ್ತಿಕೊಂಡು ಹೋದಳು. ಈಗ ಮನೆಯವರೆಲ್ಲರ ಸಾರು ಹಿತ್ತಾಳೆಯಲ್ಲಿ ಕುದಿಯುತ್ತದೆ, ನನ್ನೊಬ್ಬನದು ಬೋಗುಣಿಯಲ್ಲಿ. ಬಡಿಸಿದ ಮೇಲೆ ಅವ್ವ ನನ್ನ ಎದುರಿಗೇ ಕೂತು, "ಹೆಂಗೈತಿ?" ಎಂದು ಕೇಳುತ್ತಾಳೆ. "ಅಮೃತ" ಎಂದು ಹೇಳಿ ನಾನು ಉಣ್ಣುತ್ತೇನೆ.